ಸೊನ್ನೆಯೋ, ಗೈರುಹಾಜರೋ?

ಪರೀಕ್ಷೆಗೆ ಬಾರದ ಹುಡುಗನ ಹೆಸರಿನ ಮುಂದೆ ಮೇಷ್ಟ್ರು ‘ಎಬಿ’ ಅಂತ ಬರೆದಿದ್ದಾರೆ. ಅದನ್ನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬರೆದದ್ದನ್ನು ಸಂಖ್ಯೆ ಮಾಡಿಕೊಡುವ ‘ಎಟುಐ’ ಫಂಕ್ಷನ್‌ಗೆ ಕೊಟ್ಟು ನೋಡಿ. ಉತ್ತರ 0. ನಿಜಕ್ಕೂ ಸೊನ್ನೆ ತೆಗೆದವನಿಗೂ ಅದೇ 0. ತರಗತಿಯ ಸರಾಸರಿ ಇಳಿಯುತ್ತದೆ, ಪ್ರೋಗ್ರಾಂ ಮಾತ್ರ ತುಟಿ ಬಿಚ್ಚುವುದಿಲ್ಲ.

ಸಿ ಕಾಲದ ರೂಢಿಯೇ ಹಾಗಿತ್ತು. ಫಂಕ್ಷನ್‌ನ ಕೆಲಸ ಕೆಟ್ಟರೆ -1 ಅಥವಾ ನಲ್ (‘ಏನೂ ಇಲ್ಲ’ ಎನ್ನುವ ಗುರುತು) ವಾಪಸ್ ಬರುತ್ತಿತ್ತು. ಅದನ್ನು ನೋಡುವುದು, ಬಿಡುವುದು ಆ ಫಂಕ್ಷನ್ ಕರೆದವರಿಗೆ ಬಿಟ್ಟಿದ್ದು. ನಲ್ ಇನ್ನೂ ಹಳೆಯದು. 1965ರಲ್ಲಿ ಅದನ್ನು ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಒಪ್ಪಿಕೊಂಡರು.

ಮಾಹಿತಿಯನ್ನೂ ಅದರ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಡುವ ಆಬ್ಜೆಕ್ಟ್‌ಗಳ ಜೊತೆ ಹೊಸ ತೊಡಕು ಬಂತು. ಆಬ್ಜೆಕ್ಟನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರ್ ಏನನ್ನೂ ವಾಪಸ್ ಕೊಡುವುದಿಲ್ಲ. ವಯಸ್ಸು -5 ಅಂತ ಕೊಟ್ಟರೆ ‘ಆಗಲ್ಲ’ ಎನ್ನಲು ಅದಕ್ಕೆ ಬಾಯಿಯೇ ಇಲ್ಲ. ಆ ಬಾಯಿ ಕೊಟ್ಟಿದ್ದು ಎಕ್ಸೆಪ್ಶನ್: ಕೆಲಸ ಅಲ್ಲೇ ನಿಲ್ಲಿಸಿ, ಹಿಡಿಯುವ ಕೋಡ್ ಸಿಗುವವರೆಗೆ ದೋಷವನ್ನು ಮೇಲಕ್ಕೆ ಎಸೆಯುವುದು. 1970ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ತಂಡದ ಕ್ಲೂ ಭಾಷೆಯಲ್ಲೇ ಅದಿತ್ತು. ಸಿ ಪ್ಲಸ್ ಪ್ಲಸ್‌ಗೆ ಬಂದಿದ್ದು 1990ರ ಹೊತ್ತಿಗೆ.

ಹಾಗಂತ ಎಕ್ಸೆಪ್ಶನ್ ಎಸೆದರೆ ಮುಗೀತು ಅಂದುಕೊಳ್ಳಬೇಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿ ಹಾರಿತು. ದಿಕ್ಕು ಅಳೆಯುವ ಕಂಪ್ಯೂಟರ್ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನೊಳಗೆ ತುರುಕಲು ಹೋಯಿತು. ಹಿಡಿಸಲಿಲ್ಲ. ಎಕ್ಸೆಪ್ಶನ್ ಎದ್ದಿತು, ಹಿಡಿಯುವ ಕೋಡ್ ಇರಲಿಲ್ಲ, ಆ ಕಂಪ್ಯೂಟರ್ ಕೈಚೆಲ್ಲಿತು. ಬದಲಿಗೆಂದು ಇಟ್ಟಿದ್ದ ಇನ್ನೊಂದು ಅದಕ್ಕೂ ಮೊದಲೇ ಅದೇ ಕಾರಣಕ್ಕೆ ನಿಂತಿತ್ತು. ನನ್ನನ್ನು ಕಾಡುವುದು ಆಮೇಲೆ ಆಗಿದ್ದು. ಕೆಟ್ಟ ಕಂಪ್ಯೂಟರ್ ಕಳಿಸಿದ ದೋಷದ ವಿವರವನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಅಂದುಕೊಂಡು ರಾಕೆಟ್ಟನ್ನು ತಿರುಗಿಸಿತು. ಸುಮಾರು 40 ಸೆಕೆಂಡಿಗೆ ಎಲ್ಲ ಚೂರುಚೂರು. ನಮ್ಮ ‘ಎಬಿ’ 0 ಆದ ಹಾಗೇ ಅಲ್ವಾ?

ಜಾವಾ ಇದಕ್ಕೆ ಕಟ್ಟುನಿಟ್ಟಿನ ದಾರಿ ಹಿಡಿಯಿತು: ಕೆಲವು ಎಕ್ಸೆಪ್ಶನ್‌ಗಳನ್ನು ಹಿಡಿಯಬೇಕು, ಇಲ್ಲವೇ ಮೇಲಕ್ಕೆ ಹೋಗುತ್ತದೆ ಎಂದು ಬರೆದುಕೊಡಬೇಕು. ಒಳ್ಳೆಯ ಉದ್ದೇಶ. ಆದರೆ ಕೋಡ್ ಪರಿಶೀಲಿಸುವ ಕಂಪೈಲರ್ ಬಾಯಿ ಮುಚ್ಚಿಸಲು ಸುಮ್ನೆ ಖಾಲಿ ಕ್ಯಾಚ್ (ಹಿಡಿದು ಏನೂ ಮಾಡದ ಕೋಡ್) ಬರೆದವರೂ ಬಹಳ. ಸಿ ಶಾರ್ಪ್ ಆ ಕಟ್ಟಳೆ ಬೇಡವೆಂದಿತು. ಗೋ ಭಾಷೆ ದೋಷವನ್ನು ಮತ್ತೆ ಉತ್ತರದ ಪಕ್ಕದಲ್ಲೇ ವಾಪಸ್ ಕೊಟ್ಟಿತು. ರಸ್ಟ್‌ನ ‘ರಿಸಲ್ಟ್’ನಲ್ಲಿ ಉತ್ತರ ಇರುತ್ತದೆ ಅಥವಾ ದೋಷ ಇರುತ್ತದೆ. ಯಾವುದೆಂದು ನೋಡದೆ ಒಳಗಿನದು ಕೈಗೆ ಸಿಗುವುದಿಲ್ಲ.

ನಾನು ಕನ್‌ಸ್ಟ್ರಕ್ಟರ್‌ನಲ್ಲಿ -5 ಬಂದರೆ ಎಕ್ಸೆಪ್ಶನ್ ಎಸೆಯುತ್ತೇನೆ. ಅರೆಬರೆ ಆಬ್ಜೆಕ್ಟ್ ಹುಟ್ಟಲೇಬಾರದು. ಜನ ಟೈಪ್ ಮಾಡುವ ಫಾರಂನಲ್ಲಿ ತಪ್ಪು ಬರುವುದು ದಿನನಿತ್ಯದ ಮಾತು, ಅಲ್ಲಿ ರಿಸಲ್ಟ್ ತರಹದ್ದೇ ಸರಿ. ಇನ್ನು ‘ಎಬಿ’? ಮೇಷ್ಟ್ರು ಸರಿಯಾಗೇ ಬರೆದಿದ್ದರು. ಅದು ದೋಷವೇ ಅಲ್ಲ. ಅಂಕದ ಕ್ಲಾಸಿನಲ್ಲಿ, ಅಂದರೆ ಅಂಕದ ಆಬ್ಜೆಕ್ಟ್‌ಗಳ ಅಚ್ಚಿನಲ್ಲಿ, ‘ಗೈರು’ ಎನ್ನುವುದಕ್ಕೆ ಜಾಗ ಇರಲಿಲ್ಲ, ಅಷ್ಟೇ.