ಹೊಸ ಸಲಿಕೆ ತಾಳುತ್ತದೆಯೇ? ಬಳುಕುವುದನ್ನಲ್ಲ, ಮರಳುವುದನ್ನು ನೋಡಿ

ಪ್ರಶ್ನೆ: ಗೋವಾದ ಮಾಪ್ಸಾ ಹತ್ತಿರ ನಮ್ಮ ತೆಂಗಿನ ತೋಟವಿದೆ, ಜಂಬಿಟ್ಟಿಗೆ ನೆಲ. ಸ್ಟೀಲ್ ಸಲಿಕೆಗಳು ಬೇಗ ಬಾಗುತ್ತವೆ, ಇಲ್ಲವೇ ಮುರಿಯುತ್ತವೆ. ಹೊಸದು ತಂದಾಗಲೇ ಪರೀಕ್ಷಿಸಬಹುದೇ?

ಉತ್ತರ: ಖಂಡಿತ. ಆದರೆ ಅಲಗನ್ನು ನೆಲಕ್ಕೊತ್ತಿ ಎಷ್ಟು ಬಳುಕುತ್ತದೆಂದು ನೋಡಿದರೆ ಏನೂ ತಿಳಿಯದು. ದಪ್ಪ, ಆಕಾರ ಒಂದೇ ಆಗಿದ್ದರೆ ಮೆತ್ತನೆಯ ಉಕ್ಕೂ ಹದ ಕೊಟ್ಟ (ಕಾಯಿಸಿ ಅದ್ದಿ ಗಟ್ಟಿ ಮಾಡಿದ) ಉಕ್ಕೂ ಸಣ್ಣ ಭಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಬಳುಕುತ್ತವೆ. ಭಾರ ಹೆಚ್ಚಿಸಿ ತೆಗೆದಾಗಲೇ ಗುಣ ಗೊತ್ತಾಗುವುದು: ಹದದ್ದು ಮೊದಲಿನ ಜಾಗಕ್ಕೆ ಮರಳುತ್ತದೆ, ಮೆತ್ತನೆಯದು ಬಾಗಿಯೇ ಉಳಿಯುತ್ತದೆ.

ಅಲಗಿನ ಒಳಮೈ ಮೇಲಾಗಿಟ್ಟು, ಮೇಲೆ ಕೆಳಗೆ ಮರದ ತುಂಡು ಕೊಟ್ಟು, ಭಾರವಾದ ಬೆಂಚಿಗೆ ಎರಡು ಸಿ-ಕ್ಲಾಂಪ್‌ಗಳಿಂದ ಬಿಗಿಯಿರಿ. ಕತ್ತು, ಹಿಡಿ ಹೊರಗೆ ಚಾಚಿರಲಿ. ಹಿಡಿಯ ತುದಿಗೆ ಮೊದಲು 10 ಲೀಟರ್ ನೀರಿನ ಕ್ಯಾನ್ ತೂಗಿ ತೆಗೆಯಿರಿ. ರಿವೆಟ್, ಕ್ಲಾಂಪ್ ಎಲ್ಲ ಕೂತುಕೊಳ್ಳಲಿ. ಈಗ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಬಳಿಕ 20 ಲೀಟರ್ ಕ್ಯಾನ್ ಐದು ನಿಮಿಷ ತೂಗಿ, ತೆಗೆದು, ಮತ್ತೆ ಅಳೆಯಿರಿ. ಕಾಲು ಕ್ಯಾನಿನ ಕೆಳಗೆ ಬೇಡ. ಅಲಗು ಜಾರಿದರೆ ಅಳತೆ ಸುಳ್ಳಾಗುತ್ತದೆ, ಹಾಗಾಗಿ ಮರದ ಅಂಚಿನಗುಂಟ ಅಲಗಿನ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟಿರಿ. ಜಾರದೆಯೂ ತುದಿ ಸೆಂಟಿಮೀಟರ್‌ನಷ್ಟು ಇಳಿದೇ ಉಳಿದರೆ ಆ ಸಲಿಕೆ ನಿಮ್ಮ ನೆಲಕ್ಕೆ ಆಗದು.

ಮುರಿಯುವುದು ಬಹುತೇಕ ಕತ್ತಿನಲ್ಲೇ. ಅಲ್ಲಿ ಬೆಸುಗೆಯಿದ್ದರೆ ಪೇಂಟ್ ಸ್ವಲ್ಪ ಕೆರೆದು ನೋಡಿ. ಸೂಜಿ ತೂತು, ಅಂಚಿನಲ್ಲಿ ಕೊರೆದ ಗೆರೆ ಕಂಡರೆ ಬಿಟ್ಟುಬಿಡಿ. ಬೆಸುಗೆಯಿಲ್ಲದೆ ಒಂದೇ ತಗಡಿನಿಂದ ಒತ್ತಿ ಮಾಡಿದ್ದು ಮೇಲು.

ಅಂಚಿಗೆ ಅರ ಹಾಕಿ. ಬೆಣ್ಣೆಯಂತೆ ಕೊರೆದರೆ ಮೆತ್ತಗಿದೆ, ಜಾರಿದರೆ ಅತಿ ಗಟ್ಟಿ. ಅಂಥದ್ದು ಕಲ್ಲಿಗೆ ತಾಗಿ ಚಕ್ಕೆ ಏಳುತ್ತದೆ. ಸರಿಯಾದ ಅಂಚನ್ನು ಅರ ತಡೆತಡೆದು ಕೊರೆಯಬೇಕು. ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಕೊಳ್ಳುವವರಿಗೆ ಒಂದು ಮಾತು: ಪಾತ್ರೆಗೆ ಬಳಸುವ 304 ದರ್ಜೆಯನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲಾಗದು, ಅಂಚು ಬೇಗ ಮಡಚುತ್ತದೆ.

ಜಂಬಿಟ್ಟಿಗೆ ಹಸಿಯಿದ್ದಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಮೊದಲು ಹಾರೆ, ಪಿಕಾಸಿಯಿಂದ ಸಡಿಲಿಸಿ. ಸಲಿಕೆಯನ್ನು ಮೀಟುಗೋಲು ಮಾಡಿದರೆ ಎಂಥ ಉಕ್ಕೂ ಉಳಿಯದು. ಬಾಗಿದ ಕತ್ತನ್ನು ಗ್ಯಾಸ್‌ನಲ್ಲಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿಸಿದರೆ ಹದ ಹೋಗಿರುತ್ತದೆ. ಅದನ್ನು ಮರಳು, ಗೊಬ್ಬರ ಎತ್ತಲು ಮಾತ್ರ ಇಟ್ಟುಕೊಳ್ಳಿ.