ಹವಾಮಾನದ ಹಣ ಕುಲುಮೆಗೆ ಬಂತು, ಬಸ್ಸಿಗೆ ಯಾಕಿಲ್ಲ?

ಬಳ್ಳಾರಿ ಜಿಲ್ಲೆಗೆ ಕಾರ್ಬನ್ ಕ್ರೆಡಿಟ್, ಅಂದರೆ ತಗ್ಗಿಸಿದ ಹೊಗೆಯನ್ನು ಟನ್ ಲೆಕ್ಕದಲ್ಲಿ ಮಾರಿ ಹಣ ಪಡೆಯುವುದು, ಹೊಸದೇನಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಅನಿಲ ಉರಿಸಿ ವಿದ್ಯುತ್ ಮಾಡುವ ಯೋಜನೆ ಕ್ಯೋಟೋ ಹವಾಮಾನ ಒಪ್ಪಂದದ ಕಾಲದಲ್ಲೇ ಅದಕ್ಕೆ ನೋಂದಣಿಯಾಗಿತ್ತು. ಬಳ್ಳಾರಿಯ ಸಿಟಿ ಬಸ್ಸಿಗೆ ಮಾತ್ರ ಆ ಭಾಗ್ಯ ಬರಲಿಲ್ಲ.

1997ರ ಕ್ಯೋಟೋ ಒಪ್ಪಂದ ಶ್ರೀಮಂತ ದೇಶಗಳಿಗೆ ಒಂದು ದಾರಿ ಕೊಟ್ಟಿತು. ಬಡ ದೇಶದಲ್ಲಿ ಹೊಗೆ ತಗ್ಗಿಸುವ ಕೆಲಸಕ್ಕೆ ಹಣ ಕೊಡಿ, ಆ ಉಳಿತಾಯವನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಿ ಅಂತ. ಕಾರ್ಖಾನೆಯಲ್ಲಿ ಇದು ಸುಲಭ, ಮೀಟರ್ ಒಂದೇ ಕಡೆ ಇರುತ್ತದೆ. ಬಸ್ಸಿನಲ್ಲಿ ಹಾಗಲ್ಲ. ಉಳಿತಾಯ ಎಷ್ಟೆಂದು ತಿಳಿಯಲು, ಈ ಬಸ್ ಇಲ್ಲದಿದ್ದರೆ ನೀವು ಹೇಗೆ ಬರ್ತಿದ್ರಿ ಅಂತ ಪ್ರಯಾಣಿಕರನ್ನೇ ಕೇಳಬೇಕು. ಕೊಲಂಬಿಯಾದ ಬೊಗೋಟಾ ನಗರ ಇಷ್ಟೆಲ್ಲ ಮಾಡಿ 2006ರಲ್ಲಿ ತನ್ನ ಟ್ರಾನ್ಸ್‌ಮಿಲೇನಿಯೋ ಬಸ್‌ಗಳನ್ನು ನೋಂದಾಯಿಸಿತು. ದೆಹಲಿ ಮೆಟ್ರೋ ಬ್ರೇಕ್ ಹಾಕುವಾಗ ವಾಪಸ್ ಸಿಗುವ ವಿದ್ಯುತ್ತಿಗೆ ಕ್ರೆಡಿಟ್ ಪಡೆಯಿತು. ಅಷ್ಟಾದರೂ ನೋಂದಣಿಯಾದ ಒಟ್ಟು ಯೋಜನೆಗಳಲ್ಲಿ ಸಾರಿಗೆಯ ಪಾಲು ಶೇ 1ನ್ನೂ ಮುಟ್ಟಲಿಲ್ಲ.

ಇನ್ನೊಂದು ತೊಡಕು ದೊಡ್ಡದು. ಕ್ರೆಡಿಟ್ ಹಣ ಬರುವುದು ಬಸ್ ಓಡಿದ ಮೇಲೆ. ಬಸ್ ಕೊಳ್ಳಲು, ಡಿಪೋ ಕಟ್ಟಲು ಮೊದಲೇ ದುಡ್ಡು ಬೇಕಲ್ವಾ? 2012ರ ಹೊತ್ತಿಗೆ ಕ್ರೆಡಿಟ್ ಬೆಲೆಯೂ ನೆಲ ಕಚ್ಚಿತು.

ಆಮೇಲೆ ಅನುದಾನ, ಅಗ್ಗದ ಸಾಲಗಳ ದಾರಿ. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಭೆಯಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳ ಹವಾಮಾನ ಕೆಲಸಕ್ಕೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹೊಂದಿಸುವುದಾಗಿ ಮಾತು ಕೊಟ್ಟವು. ಅದು ಈಡೇರಿದ್ದು 2022ರಲ್ಲಿ. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿಯ ಹಸಿರು ಹವಾಮಾನ ನಿಧಿ 2018ರಲ್ಲಿ ಕರಾಚಿಯ ಬಸ್ ಮಾರ್ಗಕ್ಕೆ ನೆರವು ಮಂಜೂರು ಮಾಡಿತು. ನಮ್ಮಲ್ಲಿ ವಿಶ್ವ ಬ್ಯಾಂಕ್ ಸಾಲ, ಜಾಗತಿಕ ಪರಿಸರ ನಿಧಿಯ ಅನುದಾನ ಎರಡೂ ಸೇರಿದ ಸುಸ್ಥಿರ ನಗರ ಸಾರಿಗೆ ಯೋಜನೆ ಬಂತು. ಮೈಸೂರಿನ ಬಸ್‌ಗಳ ಮಾಹಿತಿ ವ್ಯವಸ್ಥೆ, ಹುಬ್ಬಳ್ಳಿ–ಧಾರವಾಡದ ಪ್ರತ್ಯೇಕ ಪಥದ ಚಿಗರಿ ಬಸ್ ಎರಡೂ ಆ ಯೋಜನೆಯ ಭಾಗ. ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಅದು ಬರಲಿಲ್ಲ.

2023ರ ಪಿಎಂ–ಇ ಬಸ್ ಸೇವಾ ವಿದ್ಯುತ್ ಬಸ್‌ಗಳಿಗೆ ಕೇಂದ್ರ ಸರ್ಕಾರವೇ ನೆರವು ಕೊಡುವ ಯೋಜನೆ. ಅಲ್ಲೂ ಊರಿನಲ್ಲಿ ಕನಿಷ್ಠ 3 ಲಕ್ಷ ಜನಸಂಖ್ಯೆ ಇರಬೇಕೆಂಬ ಗೆರೆ ಇದೆ. 2011ರ ಜನಗಣತಿಯಂತೆ ಬಳ್ಳಾರಿಯಲ್ಲಿ 4 ಲಕ್ಷ ದಾಟಿದೆ. ರಾಯಚೂರಿನಲ್ಲಿ ಎರಡೂವರೆ ಲಕ್ಷವೂ ಇಲ್ಲ, ಕೊಪ್ಪಳ ಇನ್ನೂ ಚಿಕ್ಕದು.

ನನಗೆ ಸಂಕಟ ಆಗುವುದು ಇಲ್ಲೇ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಈಗ ಅದರ ಸಾಮರ್ಥ್ಯ 1,720 ಮೆಗಾವಾಟ್. ವಿದ್ಯುತ್ ಇಡೀ ರಾಜ್ಯಕ್ಕೆ, ಬೂದಿ ಮಾತ್ರ ಇಲ್ಲಿಯವರಿಗೆ. ಆದರೆ ನಡೆದೋ, ಟಂಟಂ ಆಟೋದಲ್ಲಿ ಒತ್ತರಿಸಿಕೊಂಡೋ ಓಡಾಡುವ ಇಲ್ಲಿನ ಜನ ಮೊದಲೇ ಕಡಿಮೆ ಹೊಗೆ ಬಿಡುವವರು. ಕಾರಿನಿಂದ ಬಸ್ಸಿಗೆ ಇಳಿದವರಷ್ಟು ಉಳಿತಾಯವನ್ನು ಅವರು ತೋರಿಸಲಾರರು. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಅವರ ಬಸ್ಸಿಗೆ ಬೆಲೆ ಕಡಿಮೆ. ನನ್ನ ಪ್ರಕಾರ ಇದು ಅನ್ಯಾಯ. ನಾಳೆ ಇವರೆಲ್ಲ ಬೈಕು, ಕಾರು ಕೊಂಡ ಮೇಲೆ ಬಸ್ಸಿಗೆ ಕರೆತರುವುದಕ್ಕಿಂತ ಇವತ್ತೇ ಒಳ್ಳೆಯ ಬಸ್ ಕೊಡುವುದು ಅಗ್ಗ.

ಕ್ಯೋಟೋದ ನಂತರ ಬಂದ ಪ್ಯಾರಿಸ್ ಹವಾಮಾನ ಒಪ್ಪಂದದ ಹೊಸ ಮಾರುಕಟ್ಟೆಯಲ್ಲಿ ದೇಶದಿಂದ ದೇಶಕ್ಕೆ ಮೊದಲು ಹೋದ ಕ್ರೆಡಿಟ್ ಬ್ಯಾಂಕಾಕ್‌ನ ವಿದ್ಯುತ್ ಬಸ್‌ಗಳದ್ದು. ಸ್ವಿಟ್ಜರ್ಲೆಂಡ್ ಕೊಂಡದ್ದು 1,916 ಟನ್ ಹೊಗೆಯ ಉಳಿತಾಯ. ಚಿಕ್ಕ ಮೊತ್ತ ನಿಜ, ಆದರೆ ಬಸ್ಸನ್ನೂ ಅಳೆಯಬಹುದು ಅನ್ನುವುದಕ್ಕೆ ಪುರಾವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಬಸ್ ಓಡಿಸುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಒಂದೇ. ಮೂರು ಊರಿನ ಬಸ್‌ಗಳನ್ನು ಒಟ್ಟು ಮಾಡಿ ಒಂದೇ ಅರ್ಜಿ ಹಾಕಿದರೆ, ಒಂದೊಂದು ಊರು ಚಿಕ್ಕದು ಅನ್ನುವ ಮಾತು ಉಳಿಯುವುದಿಲ್ಲ.