ಷೇರುದಾರರ ನಿರ್ಣಯ ಎಜಿಎಂ ಮುಂದೆ ಬರುವುದು ಹೇಗೆ? ಸೆಕ್ಷನ್ 100 ಮತ್ತು 111ರ ಟಿಪ್ಪಣಿ

2013ರ ಕಂಪನಿ ಕಾಯ್ದೆ ಓದುವಾಗ ಸೆಕ್ಷನ್ 111ನ್ನು ಹೆಚ್ಚಿನವರು ಬೇಗ ದಾಟಿಬಿಡುತ್ತಾರೆ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ), ಪ್ರಾಕ್ಸಿ (ಸದಸ್ಯರ ಬದಲಿಗೆ ಬರುವವರು), ಪೋಸ್ಟಲ್ ಬ್ಯಾಲೆಟ್ ಓದಿದರೆ ಸಭೆಗಳ ಅಧ್ಯಾಯ ಮುಗಿಯಿತು ಅಂತ ಲೆಕ್ಕ. ಆದರೆ ಕಂಪನಿಯ ಮಾಲೀಕರು ಷೇರುದಾರರೇ ಅಂತ ಮೊದಲ ಪಾಠದಲ್ಲೇ ಕಲಿಯುತ್ತೇವಲ್ಲ? ಆ ಮಾಲೀಕರು ತಮ್ಮ ಒಂದು ಮಾತನ್ನು ಮತಕ್ಕೆ ಹಾಕಿಸಬೇಕಾದರೆ ಏನು ಮಾಡಬೇಕು ಅನ್ನುವುದು ಈ ಪುಟ್ಟ ಸೆಕ್ಷನ್‌ನಲ್ಲಿದೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಎಜಿಎಂನಲ್ಲಿ, ಅಂದರೆ ಷೇರುದಾರರ ವಾರ್ಷಿಕ ಸಾಮಾನ್ಯ ಸಭೆಯಲ್ಲಿ, ಪ್ರಶ್ನೆ ಕೇಳುವುದು ಬೇರೆ, ನಿರ್ಣಯ ಮಂಡಿಸುವುದು ಬೇರೆ. ಒಂದೇ ಷೇರು ಇದ್ದವರೂ ಸಭೆಗೆ ಹೋಗಿ ಲಾಭಾಂಶ ಯಾಕೆ ಕಮ್ಮಿಯಾಯಿತು ಅಂತ ಕೇಳಬಹುದು. ಅಧ್ಯಕ್ಷರು ಏನೋ ಒಂದು ಉತ್ತರ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ನಿರ್ಣಯಕ್ಕೆ ಎಲ್ಲ ಷೇರುದಾರರೂ ಮತ ಹಾಕಬೇಕು, ಹಾಗಾಗಿ ಅದು ನೋಟಿಸ್‌ನಲ್ಲಿ ಮೊದಲೇ ಇರಬೇಕು. ನೋಟಿಸ್ ಹೊರಡುವುದು ಸಭೆಗೆ ಪೂರ್ತಿ 21 ದಿನ ಮುಂಚೆ. ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಗಳಲ್ಲಿ ಇ-ವೋಟಿಂಗ್ ಕಡ್ಡಾಯ. ಮನೆಯಿಂದಲೇ ಮತ ಹಾಕುವ ಅವಧಿ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಅಂದರೆ ಅಧ್ಯಕ್ಷರು ಮೈಕ್ ಹಿಡಿಯುವ ಹೊತ್ತಿಗೆ ಬಹುಪಾಲು ಮತ ಬಿದ್ದಾಗಿರುತ್ತದೆ. ಆಮೇಲೆ ಎದ್ದು ನಿಂತು ಹೊಸ ನಿರ್ಣಯ ತರುತ್ತೇನೆ ಅಂದರೆ ಅದಕ್ಕೆ ಮತ ಬೀಳುವುದು ಎಲ್ಲಿಂದ? ನೋಟಿಸ್ ಒಳಗೆ ಜಾಗ ಸಿಗಬೇಕು. ಅದಕ್ಕೆ ಎರಡು ದಾರಿಗಳಿವೆ: ಬೋರ್ಡ್ (ನಿರ್ದೇಶಕರ ಮಂಡಳಿ) ಹೇಗೂ ಕರೆಯುವ ಸಭೆಗೆ ನಮ್ಮ ನಿರ್ಣಯ ಸೇರಿಸುವುದು, ಇಲ್ಲವೇ ನಮ್ಮ ನಿರ್ಣಯಕ್ಕಾಗಿಯೇ ಒಂದು ಸಭೆ ಕರೆಸುವುದು.

ಸೆಕ್ಷನ್ 111: ಅವರ ಸಭೆ, ನಮ್ಮ ನಿರ್ಣಯ

ಮತದ ಹಕ್ಕಿರುವ ಷೇರು ಬಂಡವಾಳದಲ್ಲಿ ಹತ್ತನೇ ಒಂದು ಭಾಗ ಹೊಂದಿರುವ ಸದಸ್ಯರು ಬರವಣಿಗೆಯಲ್ಲಿ ಬೇಡಿಕೆ ಕೊಟ್ಟರೆ, ಕಂಪನಿ ಅವರ ನಿರ್ಣಯವನ್ನು ಎಲ್ಲ ಸದಸ್ಯರಿಗೂ ತಿಳಿಸಬೇಕು. ಅದರ ಬಗ್ಗೆ ಅವರು ಬರೆದ ಹೇಳಿಕೆ ಇದ್ದರೆ ಅದನ್ನೂ ಹಂಚಬೇಕು. ಈ ಬೇಡಿಕೆ ಪತ್ರಕ್ಕೆ ರಿಕ್ವಿಸಿಷನ್ ಅನ್ನುತ್ತಾರೆ. ಸಹಿ ಹಾಕಿದ ಪ್ರತಿ ನೋಂದಾಯಿತ ಕಚೇರಿ ತಲುಪಬೇಕು. ನಿರ್ಣಯವಾದರೆ ಸಭೆಗೆ ಕನಿಷ್ಠ 6 ವಾರ ಮೊದಲು, ಬರೀ ಹೇಳಿಕೆ ಹಂಚಿಸುವುದಾದರೆ 2 ವಾರ ಮೊದಲು. ಹಂಚುವ ಖರ್ಚಿಗೆ ಸಾಕಾಗುವಷ್ಟು ಹಣವನ್ನೂ ಕೇಳುವವರೇ ಜೊತೆಗೆ ಕಟ್ಟಬೇಕು.

ಆರು ವಾರದ ಲೆಕ್ಕದಲ್ಲಿ ಒಂದು ತೊಡಕಿದೆ. ಎಜಿಎಂ ಸೆಪ್ಟೆಂಬರ್ 25ಕ್ಕೆ ಇದೆ ಅಂದುಕೊಳ್ಳಿ. ಆರು ವಾರ ಹಿಂದಕ್ಕೆ ಹೋದರೆ ಆಗಸ್ಟ್ 14. ಆದರೆ 21 ದಿನದ ನೋಟಿಸ್ ಕೈಗೆ ಬರುವುದು ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಇರಬಹುದು. ಸಭೆಯ ದಿನವೇ ಗೊತ್ತಿಲ್ಲದವರು ಆರು ವಾರ ಎಣಿಸುವುದು ಹೇಗೆ? ಇದಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ. ರಿಕ್ವಿಸಿಷನ್ ಕೊಟ್ಟ ಮೇಲೆ ಕಂಪನಿ ಆರು ವಾರದೊಳಗಿನ ಒಂದು ದಿನಕ್ಕೆ ಎಜಿಎಂ ಕರೆದರೆ, ಆ ಪತ್ರ ಸಮಯಕ್ಕೆ ಸರಿಯಾಗಿ ಬಂದಿದೆ ಅಂತಲೇ ಪರಿಗಣಿಸಬೇಕು. ಸಭೆಯನ್ನು ಬೇಗ ಕರೆದು ನಿರ್ಣಯದಿಂದ ತಪ್ಪಿಸಿಕೊಳ್ಳುವ ಆಟ ಇಲ್ಲಿ ನಡೆಯುವುದಿಲ್ಲ. ನೋಟಿಸ್ ಬಂದ ಮೇಲೆ ಪತ್ರ ಕೊಟ್ಟವರಿಗೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಈ ಹಕ್ಕನ್ನು ಯಾರದೋ ಮಾನ ಕಳೆಯುವ ಮಾತಿಗೆ ಸುಮ್ಮನೆ ಪ್ರಚಾರ ಕೊಡಲು ದುರುಪಯೋಗ ಮಾಡಲಾಗುತ್ತಿದೆ ಅಂತ ಕೇಂದ್ರ ಸರ್ಕಾರ ಆದೇಶ ಮಾಡಿದರೆ, ಹೇಳಿಕೆಯನ್ನು ಹಂಚಬೇಕಾಗಿಲ್ಲ. ಕಂಪನಿ ತಪ್ಪು ಮಾಡಿದರೆ ದಂಡ 25,000 ರೂಪಾಯಿ. ಲಿಸ್ಟೆಡ್ ಕಂಪನಿಗೆ ಇದು ದಂಡ ಅನ್ನಿಸುವಷ್ಟೂ ಇಲ್ಲ.

ಹತ್ತನೇ ಒಂದು ಭಾಗ ಅಂದರೆ ಎಷ್ಟು?

ಹೆಚ್ಚಿನ ಟಿಪ್ಪಣಿಗಳು ಒಂದು ವಾಕ್ಯದಲ್ಲಿ ಹೇಳಿ ಬಿಡುವ ವಿಷಯ ಇದು. ಬೆಂಗಳೂರಿನ ಇನ್ಫೋಸಿಸ್ ನೋಡಿ. 2017ರಲ್ಲಿ ಸ್ಥಾಪಕರು ಮತ್ತು ಅವರ ಕುಟುಂಬದವರು ಎಲ್ಲ ಸೇರಿ ಇಟ್ಟುಕೊಂಡಿದ್ದ ಪಾಲು ಶೇ 12.75ರ ಆಸುಪಾಸು. ಕಂಪನಿ ಕಟ್ಟಿದವರೆಲ್ಲ ಒಟ್ಟಾದರೂ ಗಡಿಯನ್ನು ದಾಟುವುದು ಸ್ವಲ್ಪದರಲ್ಲೇ. ಆ ವರ್ಷ ಬೋರ್ಡ್ ಜೊತೆಗಿನ ಅವರ ಜಟಾಪಟಿ ಪತ್ರಗಳಲ್ಲಿ, ಪತ್ರಿಕೆಗಳಲ್ಲಿ ನಡೆಯಿತು. ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. ಅವರಿಗೆ ಮಾತು ಕೇಳಿಸಲು ಬೇರೆ ದಾರಿಗಳಿದ್ದವು. ಪಿಎಫ್ ದುಡ್ಡಲ್ಲಿ ಐವತ್ತು ಷೇರು ಕೊಂಡ ನಿವೃತ್ತ ಮೇಷ್ಟರಿಗೆ ಏನಿದೆ? ಅವರಂಥ ಸಾವಿರ ಜನ ಸೇರಿದರೂ ಅಷ್ಟು ದೊಡ್ಡ ಕಂಪನಿಯಲ್ಲಿ ಶೇ 10ರ ಹತ್ತಿರವೂ ಬರುವುದಿಲ್ಲ.

ನಮ್ಮ ಕಾಯ್ದೆ ಯಾವಾಗಲೂ ಹೀಗಿರಲಿಲ್ಲ. 1956ರ ಕಾಯ್ದೆಯ ಸೆಕ್ಷನ್ 188ರಲ್ಲಿ ಎರಡು ಬಾಗಿಲಿದ್ದವು. ಒಟ್ಟು ಮತಬಲದ ಇಪ್ಪತ್ತನೇ ಒಂದು ಭಾಗ ಇದ್ದವರು ನಿರ್ಣಯ ತರಬಹುದಿತ್ತು. ಅದಿಲ್ಲದಿದ್ದರೆ, ಒಟ್ಟು ಒಂದು ಲಕ್ಷ ರೂಪಾಯಿ ಪಾವತಿಯಾದ ಷೇರುಗಳಿರುವ ನೂರು ಸದಸ್ಯರು ಸೇರಿದರೂ ಸಾಕಿತ್ತು. ಹೇಳಿಕೆ ಸಾವಿರ ಪದ ಮೀರಬಾರದು ಅಂತ ಮಿತಿ ಇತ್ತು. 2013ರ ಕಾಯ್ದೆ ಪದಗಳ ಮಿತಿ ತೆಗೆಯಿತು. ಜೊತೆಗೆ ಇಪ್ಪತ್ತನೇ ಒಂದು ಭಾಗವನ್ನು ಹತ್ತನೇ ಒಂದು ಮಾಡಿತು, ನೂರು ಜನರ ಬಾಗಿಲನ್ನು ಮುಚ್ಚಿತು. ನೂರು ಜನರ ಈ ಲೆಕ್ಕ ನಮಗೆ ಬಂದದ್ದು ಬ್ರಿಟನ್ನಿನ ಕಾನೂನಿನಿಂದ. ಅವರ 2006ರ ಕಾಯ್ದೆಯಲ್ಲಿ ಅದು ಈಗಲೂ ಇದೆ: ಶೇ 5ರಷ್ಟು ಮತಬಲ, ಇಲ್ಲವೇ ತಲಾ ಸರಾಸರಿ 100 ಪೌಂಡ್ ಪಾವತಿಯಾದ ಷೇರುಗಳಿರುವ 100 ಸದಸ್ಯರು. ಜಪಾನಿನಲ್ಲಿ ಶೇ 1ರಷ್ಟು ಮತ ಅಥವಾ 300 ಮತ ಆರು ತಿಂಗಳಿಂದ ಕೈಯಲ್ಲಿದ್ದರೆ ಸಾಕು.

ಇನ್ನೊಂದು ವಿಷಯ ನನಗೆ ನಿಜಕ್ಕೂ ಸರಿ ಕಾಣುವುದಿಲ್ಲ. ಇದೇ 2013ರ ಕಾಯ್ದೆಯ ಸೆಕ್ಷನ್ 244ರ ಪ್ರಕಾರ, ಆಡಳಿತದವರು ದಬ್ಬಾಳಿಕೆ ಮಾಡುತ್ತಿದ್ದಾರೆ ಅಂತ ನೂರು ಸದಸ್ಯರು ಸೇರಿ ಕಂಪನಿಗಳ ವ್ಯಾಜ್ಯ ನೋಡುವ ಟ್ರಿಬ್ಯೂನಲ್ ಆದ ಎನ್‌ಸಿಎಲ್‌ಟಿಗೆ ದೂರು ಕೊಡಬಹುದು. ಅವರ ಕೈಯಲ್ಲಿ ಎಷ್ಟು ಷೇರಿದೆ ಅಂತ ಯಾರೂ ಕೇಳುವುದಿಲ್ಲ. ಅಂದರೆ ನೂರು ಜನ ಕಂಪನಿಯನ್ನು ಟ್ರಿಬ್ಯೂನಲ್‌ಗೆ ಎಳೆಯಬಹುದು, ಆದರೆ ಜೊತೆಗಿನ ಷೇರುದಾರರ ಮುಂದೆ ಒಂದು ನಿರ್ಣಯ ಇಡಿ ಅಂತ ಕೇಳುವಂತಿಲ್ಲ. ಜಗಳಕ್ಕೆ ಮೊದಲು ಮಾತುಕತೆ ಬರಬೇಕು ಅಲ್ವಾ? ಇಲ್ಲಿ ಮಾತಿಗಿಂತ ಮೊಕದ್ದಮೆ ಸುಲಭವಾಗಿದೆ.

ಸೆಕ್ಷನ್ 100: ಸಭೆಯನ್ನೇ ಕರೆಸುವುದು

ಇಲ್ಲೂ ಗಡಿ ಹತ್ತನೇ ಒಂದು ಭಾಗವೇ. ಪತ್ರದಲ್ಲಿ ಚರ್ಚೆಯ ವಿಷಯಗಳಿರಬೇಕು, ಎಲ್ಲರ ಸಹಿ ಇರಬೇಕು, ನೋಂದಾಯಿತ ಕಚೇರಿಗೆ ಹೋಗಬೇಕು. ಪತ್ರ ಜೂನ್ 1ಕ್ಕೆ ತಲುಪಿತು ಅನ್ನಿ. 21 ದಿನದೊಳಗೆ, ಅಂದರೆ ಜೂನ್ 22ರೊಳಗೆ, ಬೋರ್ಡ್ ಸಭೆ ಕರೆಯುವ ಕೆಲಸಕ್ಕೆ ಕೈಹಾಕಬೇಕು. ಆ ಸಭೆ 45 ದಿನದೊಳಗೆ, ಜುಲೈ 16 ದಾಟದಂತೆ, ನಡೆಯಬೇಕು. ಬೋರ್ಡ್ ಸುಮ್ಮನೆ ಕೂತರೆ ಬೇಡಿಕೆ ಕೊಟ್ಟವರೇ ಸಭೆ ಕರೆದು ನಡೆಸಬಹುದು. ಅದಕ್ಕೆ ಮೂರು ತಿಂಗಳ ಕಾಲಾವಕಾಶ. ಪರೀಕ್ಷೆಗೆ ಇದನ್ನು ಗುರುತು ಹಾಕಿಕೊಳ್ಳಿ: 21 ಮತ್ತು 45 ದಿನವನ್ನು ಪತ್ರ ಕಂಪನಿಗೆ ತಲುಪಿದ ದಿನದಿಂದ ಎಣಿಸಬೇಕು, ಮೂರು ತಿಂಗಳನ್ನು ರಿಕ್ವಿಸಿಷನ್‌ನ ತಾರೀಖಿನಿಂದ.

ಹಾಗೆ ತಾವೇ ಕರೆಯುವ ಸಭೆಯನ್ನು ನೋಂದಾಯಿತ ಕಚೇರಿಯಲ್ಲಿ ಅಥವಾ ಅದೇ ಊರಿನಲ್ಲಿ ಇಡಬೇಕು. ಖರ್ಚನ್ನು ಕಂಪನಿ ತುಂಬಿಕೊಡುತ್ತದೆ, ಆಮೇಲೆ ತಪ್ಪು ಮಾಡಿದ ನಿರ್ದೇಶಕರ ಸಂಭಾವನೆಯಿಂದ ಮುರಿದುಕೊಳ್ಳುತ್ತದೆ. ಇದು ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ ನಿಯಮ. ಆದರೆ ಕೋರಂ ಕಡೆ ಹುಷಾರಾಗಿರಬೇಕು. ಮಾಮೂಲಿ ಸಭೆಗೆ ಅರ್ಧ ಗಂಟೆಯಲ್ಲಿ ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ರಿಕ್ವಿಸಿಷನ್ ಕೊಟ್ಟವರು ಕರೆದ ಸಭೆ ರದ್ದೇ ಆಗುತ್ತದೆ. ಸದಸ್ಯರು 5,000 ಮೀರಿದ ಪಬ್ಲಿಕ್ ಕಂಪನಿಯಲ್ಲಿ 30 ಜನ ಖುದ್ದಾಗಿ ಬರಬೇಕು.

ಕಾರಣ ಹೇಳಬೇಕಾ? ಎಸ್ಕಾರ್ಟ್ಸ್‌ನಿಂದ ಝೀವರೆಗೆ

ಬೋರ್ಡ್‌ಗೆ ರಿಕ್ವಿಸಿಷನ್ ಇಷ್ಟವಾಗದಿದ್ದರೆ ತಿರಸ್ಕರಿಸಬಹುದಾ? 1984ರಲ್ಲಿ ಎಲ್‌ಐಸಿ, ಎಸ್ಕಾರ್ಟ್ಸ್ ಕಂಪನಿಯ ಒಂಬತ್ತು ಅರೆಕಾಲಿಕ ನಿರ್ದೇಶಕರನ್ನು ತೆಗೆಯಲು ಸಭೆ ಕೇಳಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ತೀರ್ಪು ಬಂದದ್ದು ಡಿಸೆಂಬರ್ 1985ರಲ್ಲಿ, ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ಅದರ ಸಾರ ಇಷ್ಟು: ಸಂಖ್ಯೆ ಮತ್ತು ವಿಧಾನದ ಷರತ್ತು ಪೂರೈಸಿದ ಷೇರುದಾರರು ಸಭೆ ಕರೆಯುವುದನ್ನು ತಡೆಯುವಂತಿಲ್ಲ, ನಿರ್ಣಯಕ್ಕೆ ಕಾರಣ ಕೊಡಬೇಕಾದ ಹೊಣೆಯೂ ಅವರಿಗಿಲ್ಲ.

2013ರ ಕಾಯ್ದೆಯ ಮಾತುಗಳ ಮೇಲೆ ಇದೇ ಪ್ರಶ್ನೆ ಮತ್ತೆ ಎದ್ದಿತು. ಸೆಪ್ಟೆಂಬರ್ 2021ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಇನ್ವೆಸ್ಕೋದ ಫಂಡ್ ಮತ್ತು ಅದರ ಜೊತೆಗಿನ ಒಂದು ಫಂಡ್ ಸೇರಿ, ಶೇ 17.88ರಷ್ಟು ಪಾಲಿನ ಬಲದ ಮೇಲೆ, ಝೀ ಎಂಟರ್‌ಟೈನ್‌ಮೆಂಟ್‌ಗೆ ರಿಕ್ವಿಸಿಷನ್ ಕೊಟ್ಟವು. ಎಂಡಿ ಪುನಿತ್ ಗೋಯಂಕಾ ಅವರನ್ನು ತೆಗೆಯಬೇಕು, ಆರು ಹೊಸ ಸ್ವತಂತ್ರ ನಿರ್ದೇಶಕರನ್ನು ನೇಮಿಸಬೇಕು ಅನ್ನುವುದು ಬೇಡಿಕೆ. ಇದು ಕಾನೂನಿಗೆ ಹೊಂದುವುದಿಲ್ಲ ಅಂತ ಬೋರ್ಡ್ ಸಭೆ ಕರೆಯಲಿಲ್ಲ. ಪ್ರಕರಣ ಬಾಂಬೆ ಹೈಕೋರ್ಟ್ ಮುಟ್ಟಿತು.

ವಾದವೆಲ್ಲ ಸೆಕ್ಷನ್ 100ರ ಒಂದು ಷರತ್ತಿನ ಸುತ್ತ: ರಿಕ್ವಿಸಿಷನ್ ಊರ್ಜಿತವಾಗಿರಬೇಕು. ಅಕ್ಟೋಬರ್ 26ರಂದು ಏಕಸದಸ್ಯ ಪೀಠದ ನ್ಯಾಯಮೂರ್ತಿ ಜಿ.ಎಸ್. ಪಟೇಲ್ ಇನ್ವೆಸ್ಕೋಗೆ ತಡೆ ಹಾಕಿದರು. ಪಾಸಾದರೂ ಕಾನೂನು ಪ್ರಕಾರ ಜಾರಿಯಾಗಲಾರದ ನಿರ್ಣಯಕ್ಕೆ ಸಭೆ ಕರೆದು ಏನು ಫಲ ಅನ್ನುವುದು ಅವರ ನಿಲುವು. ಮಾರ್ಚ್ 22, 2022ರಂದು ವಿಭಾಗೀಯ ಪೀಠ ಈ ಆದೇಶವನ್ನು ತಳ್ಳಿಹಾಕಿತು. ಬೋರ್ಡ್ ನೋಡಬೇಕಾದದ್ದು ಶೇ 10ರ ಗಡಿ, ಸಹಿ, ವಿಷಯದ ವಿವರ, ಸರಿಯಾದ ವಿಳಾಸ ಇಷ್ಟೇ. ನಿರ್ಣಯದ ಒಳಗಿನ ಗುಣದೋಷ ತೂಗುವ ಕೆಲಸ ಅದರದ್ದಲ್ಲ ಎಂದಿತು. ಎಸ್ಕಾರ್ಟ್ಸ್ ತೀರ್ಪೇ ಅದಕ್ಕೆ ಆಧಾರ. ಎರಡು ದಿನದಲ್ಲೇ ಇನ್ವೆಸ್ಕೋ ತನ್ನ ಬೇಡಿಕೆಯನ್ನು ವಾಪಸ್ ಪಡೆಯಿತು, ಹಾಗಾಗಿ ಆ ಸಭೆ ನಡೆಯಲೇ ಇಲ್ಲ.

ನನಗೆ ವಿಭಾಗೀಯ ಪೀಠದ ದಾರಿಯೇ ಸರಿ ಅನ್ನಿಸುತ್ತದೆ. ಯಾರನ್ನು ತೆಗೆಯಬೇಕು ಅನ್ನುವುದೇ ಪ್ರಶ್ನೆಯಾಗಿರುವಾಗ, ಆ ಪ್ರಶ್ನೆ ಸಭೆಗೆ ಬರಬೇಕೋ ಬೇಡವೋ ಅಂತ ಅದೇ ಬೋರ್ಡ್ ತೀರ್ಮಾನಿಸಿದರೆ ಸೆಕ್ಷನ್ 100ರಲ್ಲಿ ಉಳಿಯುವುದೇನು?

ಅಮೆರಿಕದ ರೂಲ್ 14ಎ-8

ಹೋಲಿಕೆಗೆ ಇದನ್ನು ಓದಲೇಬೇಕು. ಅಲ್ಲಿನ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿ 1942ರಿಂದ ಬೆಳೆಸಿಕೊಂಡು ಬಂದ ನಿಯಮ. 2,000 ಡಾಲರ್ ಮೌಲ್ಯದ ಷೇರನ್ನು ಮೂರು ವರ್ಷ ಇಟ್ಟುಕೊಂಡವರು ಒಂದು ಪ್ರಸ್ತಾವ ಕೊಡಬಹುದು. 15,000 ಡಾಲರ್ ಇದ್ದರೆ ಎರಡು ವರ್ಷ ಸಾಕು, 25,000 ಇದ್ದರೆ ಒಂದೇ ವರ್ಷ. 2020ರ ತಿದ್ದುಪಡಿಯ ನಂತರ ಹಲವರು ತಮ್ಮ ಷೇರು ಒಟ್ಟುಗೂಡಿಸಿ ಗಡಿ ಮುಟ್ಟುವಂತಿಲ್ಲ. ಪ್ರಸ್ತಾವ 500 ಪದ ಮೀರಬಾರದು. ಹಿಂದಿನ ವರ್ಷ ಪ್ರಾಕ್ಸಿ ಕಾಗದ (ಸಭೆಯ ವಿಷಯಗಳನ್ನು ಷೇರುದಾರರಿಗೆ ತಿಳಿಸುವ ದಾಖಲೆ) ಹೊರಟ ತಾರೀಖಿಗೆ 120 ದಿನ ಮುಂಚೆ ಕಂಪನಿಗೆ ತಲುಪಬೇಕು. ಹಂಚುವ ಖರ್ಚು ಕಂಪನಿಯದು.

ಬಾಗಿಲು ಅಗಲ, ಆದರೆ ಒಳಗೆ ಜರಡಿ ಇದೆ. ದಿನನಿತ್ಯದ ವ್ಯವಹಾರದ ವಿಷಯ, ವೈಯಕ್ತಿಕ ದೂರು, ಇಂತಿಷ್ಟೇ ಲಾಭಾಂಶ ಕೊಡಿ ಅನ್ನುವ ಬೇಡಿಕೆ ಹೀಗೆ 13 ಕಾರಣಗಳಿಗೆ ಕಂಪನಿ ಪ್ರಸ್ತಾವವನ್ನು ಬಿಡಬಹುದು. ನಿರ್ದೇಶಕರ ಚುನಾವಣೆಗೂ ಈ ನಿಯಮ ಬಳಸುವಂತಿಲ್ಲ. ನಮ್ಮಲ್ಲಿ ರಿಕ್ವಿಸಿಷನ್ ಬರುವುದೇ ಹೆಚ್ಚಾಗಿ ನಿರ್ದೇಶಕರ ವಿಷಯಕ್ಕೆ! ಬಿಡುವ ಮುನ್ನ ಎಸ್‌ಇಸಿ ಸಿಬ್ಬಂದಿಯ ಅಭಿಪ್ರಾಯ ಕೇಳುವುದು ವಾಡಿಕೆಯಾಗಿತ್ತು. ನವೆಂಬರ್ 2025ರಲ್ಲಿ ಸಿಬ್ಬಂದಿ, 2025-26ರ ಸಾಲಿನ ಸಭೆಗಳಿಗೆ ಇಂಥ ಬಹುಪಾಲು ಕೋರಿಕೆಗಳಿಗೆ ಉತ್ತರಿಸುವುದಿಲ್ಲ ಅಂತ ಪ್ರಕಟಿಸಿದರು. ಹಾಗಾಗಿ ಹಳೆಯ ಪುಸ್ತಕದ ವಿವರಣೆಯನ್ನು ಹಾಗೇ ಬರೆಯಬೇಡಿ. ಪಾಸಾದ ಪ್ರಸ್ತಾವಗಳೂ ಅಲ್ಲಿ ಬಹುಪಾಲು ಶಿಫಾರಸು ಮಾತ್ರ, ಬೋರ್ಡ್ ಅದರಂತೆ ನಡೆಯಲೇಬೇಕು ಅಂತಿಲ್ಲ.

ಚಿಕ್ಕವರಿಗೆ ಉಳಿದಿರುವ ದಾರಿಗಳು

ಸೆಕ್ಷನ್ 160ರಲ್ಲಿ ಯಾವುದೇ ಒಬ್ಬ ಸದಸ್ಯ ಒಬ್ಬರನ್ನು ನಿರ್ದೇಶಕ ಸ್ಥಾನಕ್ಕೆ ಸೂಚಿಸಬಹುದು. ಸಭೆಗೆ 14 ದಿನ ಮೊದಲು ನೋಟಿಸ್, ಒಂದು ಲಕ್ಷ ರೂಪಾಯಿ ಠೇವಣಿ. ಆಯ್ಕೆಯಾದರೆ ಅಥವಾ ಚಲಾವಣೆಯಾದ ಸಿಂಧು ಮತಗಳಲ್ಲಿ ಶೇ 25ಕ್ಕಿಂತ ಜಾಸ್ತಿ ಬಂದರೆ ಠೇವಣಿ ವಾಪಸ್.

ಸೆಕ್ಷನ್ 115ರ ವಿಶೇಷ ನೋಟಿಸ್ ಇನ್ನೊಂದು. ನಿರ್ದೇಶಕರನ್ನು ತೆಗೆಯುವಂಥ ಕೆಲವು ನಿರ್ಣಯಗಳಿಗೆ ಇದು ಬೇಕು. ಶೇ 1ರಷ್ಟು ಮತಬಲ ಅಥವಾ ಐದು ಲಕ್ಷ ರೂಪಾಯಿ ಪಾವತಿಯಾದ ಷೇರು ಇದ್ದವರು, ಸಭೆಗೆ ಮೂರು ತಿಂಗಳಿಗಿಂತ ಮುಂಚೆಯಲ್ಲದೆ, ಕನಿಷ್ಠ 14 ದಿನ ಮೊದಲು ಕೊಡಬೇಕು. ಶೇ 1 ಅನ್ನುವುದನ್ನು ಸೆಕ್ಷನ್ 111ರ ಶೇ 10ರ ಜೊತೆ ಬೆರೆಸಿಬಿಡುವುದು ಪರೀಕ್ಷೆಯಲ್ಲಿ ಸಾಮಾನ್ಯ.

ಕೊನೆಗೆ ಸೆಕ್ಷನ್ 151. 20,000 ರೂಪಾಯಿ ಮುಖಬೆಲೆ ಮೀರದಷ್ಟು ಷೇರು ಇದ್ದವರು ಚಿಕ್ಕ ಷೇರುದಾರರು. ಅಂಥವರಲ್ಲಿ 1,000 ಜನ ಅಥವಾ ಹತ್ತನೇ ಒಂದು ಭಾಗ, ಯಾವುದು ಕಮ್ಮಿಯೋ ಅಷ್ಟು ಜನ ಕೇಳಿದರೆ, ಲಿಸ್ಟೆಡ್ ಕಂಪನಿ ಅವರದೇ ಒಬ್ಬ ನಿರ್ದೇಶಕರನ್ನು ಮೂರು ವರ್ಷಕ್ಕೆ ಆರಿಸಿಕೊಳ್ಳಲು ಅವಕಾಶವಿದೆ. ಇಲ್ಲಿ ಕಾಯ್ದೆ ಷೇರು ಎಣಿಸುವುದನ್ನು ಬಿಟ್ಟು ತಲೆ ಎಣಿಸುತ್ತದೆ. ಸೆಕ್ಷನ್ 111ಕ್ಕೂ ಇಂಥದೊಂದು ಎಣಿಕೆಯನ್ನು ಸೇರಿಸಲು ಪುಟ್ಟ ತಿದ್ದುಪಡಿ ಸಾಕು, 1956ರ ಮಾತುಗಳೇ ಕೈಗೆ ಸಿಗುವಂತಿವೆ.